ಕಾವಲು ಕೋಶಗಳ ಪಾಲು

ನೀಲಗಂಗವ್ವ ಮೂರು ವರ್ಷಗಳಿಂದ ತನ್ನ ಸೊಸೆಯನ್ನು ‘ಅಕ್ಕಾ’ ಎಂದು ಕರೆಯುತ್ತಿದ್ದಳು. ಸೊಸೆ ದೀನಮಣಿಗೆ ನಲವತ್ತನಾಲ್ಕು, ಅತ್ತೆಗೆ ಎಪ್ಪತ್ತೆರಡು. ಎಂದೋ ತೀರಿಹೋದ ಅಕ್ಕನೊಬ್ಬಳು ಮುದುಕಿಯ ತಲೆಯೊಳಗೆ ಹೇಗೋ ಉಳಿದುಕೊಂಡಿದ್ದಳು. ಎದುರಿಗೆ ಓಡಾಡುವ ಹೆಂಗಸಿಗೆ ಆ ಸಂಬಂಧ ಅಂಟಿಕೊಂಡಿತ್ತು. ಬೆಳಗ್ಗೆ ದೀನಮಣಿ ಕೆಲಸಕ್ಕೆ ಹೊರಟರೆ ಬಾಗಿಲತನಕ ಬಂದು, ಅವಳ ಸೆರಗು ಸರಿಮಾಡಿ, “ಜ್ವಾಕಿ ಅಕ್ಕಾ, ಬಿಸಲಾಗ ತಿರಗಬ್ಯಾಡ” ಎನ್ನುತ್ತಿದ್ದಳು. ತನಗೆ ಕೊಟ್ಟ ಶೇಂಗಾ ಉಂಡೆಯಲ್ಲಿ ಅರ್ಧ ಮುರಿದು ಬಚ್ಚಿಟ್ಟು, ಸಂಜೆ ಆಕೆ ಬಂದೊಡನೆ ಕೈಗಿಡುತ್ತಿದ್ದಳು.

ಇದೇ ಮುದುಕಿ ಹದಿನಾಲ್ಕು ವರ್ಷಗಳ ಹಿಂದೆ, ಮಗ ಚನ್ನವೀರ ಮದುವೆಯಾಗಿ ಹೆಂಡತಿಯನ್ನು ಕರೆತಂದಾಗ, ಬಾಗಿಲಲ್ಲೇ ನಿಂತು “ಅಕಿ ಹೊಸ್ತಲಾ ದಾಟಿದ್ರ ನಾ ಇಳದು ಹೋಗ್ತೀನಿ” ಎಂದಿದ್ದಳು. ದೀನಮಣಿ ಬೆಟಗೇರಿಯ ಮಿಷನ್ ಕಾಂಪೌಂಡಿನಲ್ಲಿ ಬೆಳೆದ ಕ್ರೈಸ್ತರ ಹುಡುಗಿ. ನೀಲಗಂಗವ್ವ ನವಲಗುಂದದ ಕಡೆಯ ಲಿಂಗಾಯತರ ಮನೆಯವಳು. ಎಳೆಯ ವಯಸ್ಸಿನಲ್ಲೇ ಗಂಡ ತೀರಿಹೋಗಿ, ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ಒಬ್ಬನೇ ಮಗನನ್ನು ಓದಿಸಿದವಳು. ಯಾವ ಜಾತಿಯ ಬಾಣಂತಿ ಬಂದರೂ ಹಿಂಜರಿಯದ ಆ ಕೈ, ಸೊಸೆಯ ವಿಷಯಕ್ಕೆ ಬಂದಾಗ ಹಿಂದೆ ಸರಿದಿತ್ತು. ಹನ್ನೊಂದು ವರ್ಷ ತಾಯಿ-ಮಗನ ನಡುವೆ ಒಂದು ಮಾತಿಲ್ಲ, ಒಂದು ಫೋನಿಲ್ಲ.

ಆಮೇಲೆ ಒಂದು ದಿನ, ಹುಬ್ಬಳ್ಳಿಯ ರೈಲ್ವೆ ಸಿಗ್ನಲ್ ಕಚೇರಿಯಲ್ಲಿ ಕೂತಲ್ಲೇ ಚನ್ನವೀರನ ಎದೆಬಡಿತ ನಿಂತಿತು. ತಾಯಿಗೆ ಸುದ್ದಿ ಮುಟ್ಟಿಸಿ ಕರೆತಂದರು. ಆಗಲೇ ಆಕೆಗೆ ಮರೆವು ಹತ್ತಿ ಬಹಳ ದಿನವಾಗಿತ್ತೆಂಬುದು ಯಾರಿಗೂ ಗೊತ್ತಿರಲಿಲ್ಲ. ಮಗನ ಹೆಣದ ಮುಂದೆ ಕೂತು, “ಪಾಪ, ಸಣ್ಣ ವಯಸ್ಸು. ಯಾರ ಮನೀದು ಕೂಸು?” ಎಂದು ಕೇಳಿದಳು. ಬಂದ ನೆಂಟರು ಮಣ್ಣು ಮುಗಿಸಿ ತಂತಮ್ಮ ಊರಿಗೆ ಹೋದರು. ಮುದುಕಿಯನ್ನು ಯಾರು ಕರೆದೊಯ್ಯಬೇಕೆಂಬ ಮಾತೇ ಬರಲಿಲ್ಲ. ಧಾರವಾಡದ ಕಲ್ಯಾಣನಗರದ ಬಾಡಿಗೆ ಮನೆಗೆ ದೀನಮಣಿಯೇ ಕರೆದುಕೊಂಡು ಬಂದಳು.

ದಿನಾ ಸಂಜೆ ನೀಲಗಂಗವ್ವ ಕೇಳುತ್ತಿದ್ದಳು. “ಅಕ್ಕಾ, ಚನ್ನ ಬಂದನೇನ?”

“ಡ್ಯೂಟಿ ಮ್ಯಾಲ ಅದಾನ. ಬರ್ತಾನ” ಎಂದು ದೀನಮಣಿ ಹೇಳುತ್ತಿದ್ದಳು.

ಮುದುಕಿಗೆ ಅಷ್ಟು ಸಾಕು. ದೀನಮಣಿ ಮಾತ್ರ ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡು ಬರುತ್ತಿದ್ದಳು.

*

ಧಾರವಾಡದ ಹೊರಗೆ, ಗುಡ್ಡದ ಮೇಲಿನ ನರವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ದೀನಮಣಿ ಪೆಟ್ ಸ್ಕ್ಯಾನ್ ವಿಭಾಗದ ಭೌತವಿಜ್ಞಾನಿ. ದಪ್ಪ ಗಾಜಿನ ಈಚೆ ಅವಳ ಕಂಟ್ರೋಲ್ ರೂಮು, ಆಚೆ ಯಂತ್ರ. ವಿಕಿರಣದ ಗುರುತು ಹಚ್ಚಿದ ಸಕ್ಕರೆಯನ್ನು ರೋಗಿಯ ರಕ್ತಕ್ಕೆ ಬಿಟ್ಟು ಮುಕ್ಕಾಲು ಗಂಟೆ ಕಾದರೆ, ಮೆದುಳಿನ ಯಾವ ಮೂಲೆ ಎಷ್ಟು ಸಕ್ಕರೆ ತಿನ್ನುತ್ತಿದೆ ಎಂಬುದು ಪರದೆಯ ಮೇಲೆ ಬೆಳಕಾಗಿ ಕಾಣುತ್ತದೆ. ಮರೆವಿನ ರೋಗಿಗಳ ಮೆದುಳಿನಲ್ಲಿ ಆ ಬೆಳಕು ವರ್ಷ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ. ನರಕೋಶಗಳು ಸತ್ತು ಹೋಗುವುದಕ್ಕೆ ಬಹಳ ಮೊದಲೇ ಹಸಿದಿರುತ್ತವೆ.

ಹಾಗಾದರೆ ರಕ್ತ ತಂದು ಸುರಿಯುವ ಸಕ್ಕರೆ ಎಲ್ಲಿಗೆ ಹೋಗುತ್ತದೆ? ಕೇಂದ್ರದ ಮುಖ್ಯಸ್ಥ ಡಾ. ವಾದಿರಾಜ ಕಟ್ಟಿ ಅವರ ಇಪ್ಪತ್ತು ವರ್ಷದ ಕೆಲಸವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ನಡೆದಿತ್ತು. ಮೆದುಳಿಗೆ ತನ್ನದೇ ಆದ ಕಾವಲು ಕೋಶಗಳಿವೆ. ವಿಜ್ಞಾನಿಗಳು ಅವಕ್ಕೆ ಮೈಕ್ರೋಗ್ಲಿಯಾ ಎನ್ನುತ್ತಾರೆ. ಕಸ ಗುಡಿಸುವುದು, ಹೊರಗಿನಿಂದ ನುಗ್ಗಿದ ರೋಗಾಣುವನ್ನು ಹಿಡಿದು ನುಂಗುವುದು ಅವುಗಳ ಕೆಲಸ. ವಯಸ್ಸಾದಂತೆ ಅವು ಸುಮ್ಮಸುಮ್ಮನೆ ರೇಗುತ್ತವೆ, ಇಲ್ಲದ ಶತ್ರುವಿನ ಮೇಲೆ ಹಗಲಿರುಳು ಯುದ್ಧಕ್ಕೆ ನಿಲ್ಲುತ್ತವೆ. ಯುದ್ಧಕ್ಕೆ ನಿಂತವರಿಗೆ ಹಸಿವು ಹೆಚ್ಚು.

“ನೋಡ್ರಿ ದೀನಮಣಿ, ಕಾವಲಿನವ್ರು ಮನೀ ಮಂದಿ ತಟ್ಟ್ಯಾಗಿನ ಅನ್ನಕ್ಕ ಕೈ ಹಾಕ್ಯಾರ” ಎಂದು ಕಟ್ಟಿಯವರು ಹೇಳುತ್ತಿದ್ದರು. “ಆ ಕೈ ಹಿಡದ ನಿಲ್ಲಿಸಿದ್ರ ಸಾಕು.”

ಆ ಕೈ ಹಿಡಿಯುವ ಔಷಧಕ್ಕೆ ಇನ್ನೂ ಹೆಸರಿರಲಿಲ್ಲ. ಕೆ-ನಲವತ್ತೊಂದು ಎಂಬ ಗುರುತಷ್ಟೇ. ಅದು ಕಾವಲು ಕೋಶಗಳಿಗೆ ಸಕ್ಕರೆ ಒಯ್ಯುವ ಬಾಗಿಲನ್ನು ಮಾತ್ರ ಮುಚ್ಚುತ್ತಿತ್ತು. ಇಲಿ, ಮಂಗಗಳ ಮೇಲೆ ಪರೀಕ್ಷೆ ಮುಗಿದು, ನಲವತ್ತು ಜನ ರೋಗಿಗಳ ಮೇಲೆ ಪ್ರಯೋಗಕ್ಕೆ ಅನುಮತಿ ಸಿಕ್ಕಿತು. ದೀನಮಣಿ ಅತ್ತೆಯನ್ನೂ ಸೇರಿಸಿಕೊಳ್ಳಬಹುದೇ ಎಂದು ಕೇಳಿದಾಗ ನೀತಿ ಸಮಿತಿ ಎರಡು ತಿಂಗಳು ಯೋಚಿಸಿ ಒಪ್ಪಿತು. ಒಂದೇ ಷರತ್ತು: ಅತ್ತೆಯ ಸ್ಕ್ಯಾನುಗಳನ್ನು ಬೇರೆಯವರು ನೋಡಬೇಕು. ಉಳಿದವರದ್ದು ಅವಳು ನೋಡಬಹುದು. ಅವಳಿಗೆ ಯಾರ ಹೆಸರೂ ತಿಳಿಯದು, ನಂಬರು ಮಾತ್ರ.

*

ಔಷಧ ಶುರುವಾದ ಎಂಟನೆಯ ವಾರದ ಒಂದು ಬೆಳಗ್ಗೆ ದೀನಮಣಿ ಜೋಳದ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಹಾಕಿ ಮುಂದಿಟ್ಟಳು. ನೀಲಗಂಗವ್ವ ತಟ್ಟೆ ಮುಟ್ಟಲಿಲ್ಲ. ಸೊಸೆಯ ಮುಖವನ್ನೇ ದಿಟ್ಟಿಸಿದಳು. ಆ ನೋಟದಲ್ಲಿ ಅಕ್ಕರೆ ಇರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಬಾಗಿಲಲ್ಲಿ ನಿಂತು ನೋಡಿದ್ದ ನೋಟ ಅದು.

“ನೀ ಇಲ್ಲಿ ಏನ ಮಾಡಾಕತ್ತೀದಿ?” ಎಂದಳು. ಸುತ್ತ ನೋಡಿ, “ಇದು ಯಾರ ಮನಿ?” ಎಂದಳು.

ದೀನಮಣಿ ನೀರಿನ ತಂಬಿಗೆ ಕೆಳಗಿಟ್ಟಳು. “ನಿಮ್ಮ ಮಗನ ಮನೀರಿ ಅತ್ತಿ.”

“ಚನ್ನ ಎಲ್ಲ್ಯದಾನ? ಕರಿ ಅವನ್ನ.”

ಮೂರು ವರ್ಷ ದಿನಾ ಹೇಳಿದ ಉತ್ತರ ನಾಲಿಗೆಯ ತುದಿಗೆ ಬಂತು. ಆದರೆ ಎದುರಿಗೆ ಕೂತ ಹೆಂಗಸು ಈಗ ಸುಳ್ಳನ್ನು ಹಿಡಿಯಬಲ್ಲವಳಾಗಿದ್ದಳು. ದೀನಮಣಿ ನೆಲದ ಮೇಲೆ ಅತ್ತೆಯ ಮುಂದೆಯೇ ಕೂತಳು. ಎಲ್ಲವನ್ನೂ ಹೇಳಿದಳು: ಯಾವ ದಿನ, ಯಾವ ಹೊತ್ತು, ಯಾವ ಆಸ್ಪತ್ರೆ, ಯಾರು ಹೆಗಲು ಕೊಟ್ಟರು, ಎಲ್ಲಿ ಮಣ್ಣು ಮಾಡಿದರು, ಮೂರು ವರ್ಷ ತಾನು ‘ಡ್ಯೂಟಿ ಮೇಲಿದ್ದಾನೆ’ ಎನ್ನುತ್ತ ಬಂದದ್ದು.

ನೀಲಗಂಗವ್ವ ಅಳಲಿಲ್ಲ. “ನಾ ಎಲ್ಲಿದ್ದೆ?” ಎಂದು ಕೇಳಿದಳು.

“ಅಲ್ಲೇ ಇದ್ರಿ. ಅವ್ರ ತಲಿ ಕಡೆ ಕೂತಿದ್ರಿ.”

“ನಾ ಏನ ಅಂದೆ?”

ದೀನಮಣಿ ಅದೊಂದನ್ನು ಮಾತ್ರ ಹೇಳಲಾರದೆ ತಲೆ ತಗ್ಗಿಸಿದಳು. ಮುದುಕಿಗೆ ಅರ್ಥವಾಗಿರಬೇಕು. ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ರೊಟ್ಟಿ ತಣ್ಣಗಾಯಿತು. ಒಳಗಿನಿಂದ, ಬಹಳ ಹೊತ್ತಿನ ಮೇಲೆ, ದೀನಮಣಿ ಅಲ್ಲಿಯವರೆಗೆ ಯಾರ ಗಂಟಲಿಂದಲೂ ಕೇಳಿರದ ಸ್ವರ ಬಂತು.

ಕೇಂದ್ರದಲ್ಲಿ ಆ ವಾರ ಎಲ್ಲರೂ ಸಿಹಿ ಹಂಚಿದರು. ನಲವತ್ತು ಜನರಲ್ಲಿ ಮೂವತ್ತೊಂದು ಜನ ಮನೆಯವರ ಗುರುತು ಹಿಡಿದಿದ್ದರು. ಪರದೆಯ ಮೇಲೆ ಇಳಿದುಹೋಗಿದ್ದ ಬೆಳಕು ಮರಳಿ ಏರಿತ್ತು. ಕಟ್ಟಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದನ್ನು ದೀನಮಣಿ ನೋಡಿದಳು. ತನಗೇಕೆ ಅಷ್ಟು ಸಂತೋಷವಾಗುತ್ತಿಲ್ಲವೆಂದು ಅವಳು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಅವಳ ದಾರಿ ಕಾಯುತ್ತಿದ್ದವಳು ಈಗ ಇರಲಿಲ್ಲ. ಇದ್ದವಳು ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡು, ತನ್ನ ಬಟ್ಟೆ ತಾನೇ ಒಗೆದುಕೊಂಡು, ಸೊಸೆ ಎದುರು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಸುಳ್ಳು ಹೇಳಿದ್ದಕ್ಕೆ ಸಿಟ್ಟು. ಅದಕ್ಕಿಂತ ಹಳೆಯ ಸಿಟ್ಟೂ ಔಷಧದ ಜೊತೆಗೆ ಮರಳಿ ಬಂದಿತ್ತು.

ಹನ್ನೆರಡನೆಯ ದಿನ ಅವಳೇ ಮಾತಾಡಿದಳು. “ಅವನ್ನ ಎಲ್ಲಿಟ್ಟೀರಿ, ಅಲ್ಲಿಗೆ ಕರಕೊಂಡ ಹೋಗು.”

ರುದ್ರಭೂಮಿಯಲ್ಲಿ ಬೇವಿನ ಮರದ ಹತ್ತಿರ ಚನ್ನವೀರನ ಸಮಾಧಿ. ಕಲ್ಲು ಶುಚಿಯಾಗಿತ್ತು, ಸುತ್ತ ಕಳೆ ಕಿತ್ತು ದಾಸವಾಳ ನೆಟ್ಟಿತ್ತು. ತಲೆಯ ಕಡೆ ಲಿಂಗದ ಗುರುತು ಕೊರೆಸಿತ್ತು. ನೀಲಗಂಗವ್ವ ಅದರ ಮೇಲೆ ಬೆರಳಾಡಿಸಿದಳು.

“ಇದನ್ನ ಯಾರ ಮಾಡಿಸಿದ್ರು?”

“ನಾನs. ನಿಮ್ಮ ಪದ್ಧತಿ ಏನು ಅಂತ ಮಠದ ಅಯ್ಯನವ್ರನ್ನ ಕೇಳಿ ಮಾಡಿಸಿದೆ.”

ಮುದುಕಿ ಬಿಸಿಲಲ್ಲಿ ಕೂತೇ ಇದ್ದಳು. ಆಮೇಲೆ ಕೈ ಚಾಚಿದಳು. ದೀನಮಣಿ ಎಬ್ಬಿಸಿದಳು. ಆ ಹಿಡಿತವನ್ನು ಮುದುಕಿ ರಿಕ್ಷಾ ಹತ್ತುವವರೆಗೂ ಬಿಡಲಿಲ್ಲ. ದಾರಿಯಲ್ಲಿ ನೀಲಗಂಗವ್ವ ಹೊರಗೆ ನೋಡುತ್ತ ಹೇಳಿದಳು. “ಅವಗ ನಾಕ ವರ್ಷ ಆಗೂತನಾ ಮಾತ ಬಂದಿರ್ಲಿಲ್ಲ. ಮೂಕ ಅಂತ ತಿಳದಿದ್ದೆ. ಒಂದಿನ ಹೆರಿಗಿ ವಾರ್ಡಿನ ಹೊರಗ ಕೂಡಿಸಿ ಒಳಗ ಹೋಗಿದ್ದೆ. ಕೂಸು ಅತ್ತಿದ್ದು ಕೇಳಿ ಬಾಗಲಾ ದಬ್ಬಿ ಬಂದು, ‘ಯಾಕಳತಾದ?’ ಅಂದ. ಅದs ಮೊದಲ ಮಾತು.”

ಹದಿನಾಲ್ಕು ವರ್ಷ ಹೆಂಡತಿಯಾಗಿ, ವಿಧವೆಯಾಗಿ ಬಾಳಿದ ದೀನಮಣಿಗೆ ಗಂಡನ ಬಗ್ಗೆ ಇದು ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ದಿನಕ್ಕೊಂದು ಹೀಗೆ ಬರತೊಡಗಿತು. ಅವನು ಈಜು ಕಲಿತದ್ದು, ಗಣಿತದಲ್ಲಿ ಫೇಲಾಗಿ ಎರಡು ದಿನ ಗುಡಿಯಲ್ಲಿ ಅಡಗಿದ್ದು, ತಾಯಿಯ ಸಮವಸ್ತ್ರಕ್ಕೆ ಇಸ್ತ್ರಿ ಮಾಡಲು ಹೋಗಿ ಸುಟ್ಟಿದ್ದು. ಜಗತ್ತಿನಲ್ಲಿ ಬೇರಾರ ತಲೆಯಲ್ಲೂ ಇಲ್ಲದ ಚನ್ನವೀರ ಅವನು. ದೀನಮಣಿ ಸಂಜೆಗಾಗಿ ಕಾಯತೊಡಗಿದಳು. ಸತ್ತ ಗಂಡ ತುಸು ತುಸುವೇ ಮನೆಗೆ ಬರುತ್ತಿದ್ದ.

*

ಹದಿನಾಲ್ಕನೆಯ ವಾರದ ಶುಕ್ರವಾರ, ಮಧ್ಯಾಹ್ನ ನಾಲ್ಕು ಗಂಟೆಗೆ, ಹದಿನೇಳನೇ ನಂಬರಿನ ರೋಗಿಯ ಸ್ಕ್ಯಾನು ಪರದೆಗೆ ಬಂತು. ಸಕ್ಕರೆಯ ಚಿತ್ರ ಸೊಗಸಾಗಿತ್ತು. ಕಾವಲು ಕೋಶಗಳನ್ನು ತೋರಿಸುವ ಇನ್ನೊಂದು ಚಿತ್ರವೂ ಇರುತ್ತದೆ. ಔಷಧ ತೆಗೆದುಕೊಂಡವರಲ್ಲಿ ಅದು ಮಂಕಾಗಿರುವುದು ಸಹಜ. ಆದರೆ ಈ ಚಿತ್ರದಲ್ಲಿ, ಎಡಗಿವಿಯ ಮೇಲಿನ ಭಾಗದಲ್ಲಿ, ಹುಣಸೆಬೀಜದಷ್ಟು ಜಾಗ ಪೂರ್ತಿ ಕಪ್ಪಾಗಿತ್ತು. ಮಂಕಲ್ಲ, ಕಪ್ಪು. ಅಲ್ಲಿ ಕಾವಲಿಗೆ ಒಂದು ಕೋಶವೂ ಉಳಿದಿರಲಿಲ್ಲ.

ಅವಳು ಕಂಪ್ಯೂಟರಿನಿಂದ ಆ ಚಿತ್ರವನ್ನು ಮತ್ತೆ ಲೆಕ್ಕ ಹಾಕಿಸಿದಳು. ಅದೇ ಕಪ್ಪು. ಕಳೆದ ತಿಂಗಳ ಚಿತ್ರ ತೆಗೆದು ಪಕ್ಕಕ್ಕಿಟ್ಟಳು. ಆಗ ಅಲ್ಲಿ ಸಾಸಿವೆಯಷ್ಟು ಕಲೆ ಇತ್ತು. ಯಂತ್ರದಿಂದ ಸಹಜವಾಗಿ ಬೀಳುವ ಚುಕ್ಕೆಯೆಂದು ಬಿಟ್ಟಿದ್ದಳು.

ಕಟ್ಟಿಯವರ ಕೋಣೆ ಅದೇ ಸಾಲಿನಲ್ಲಿ, ಇಪ್ಪತ್ತು ಹೆಜ್ಜೆ ದೂರ. ಅವಳು ಎದ್ದು ಬಾಗಿಲವರೆಗೆ ಹೋದಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪ್ರಯೋಗ ಇವತ್ತೇ ನಿಲ್ಲುತ್ತದೆ. ಆರೇಳು ವಾರದಲ್ಲಿ ಔಷಧದ ಬಲ ಇಳಿಯುತ್ತದೆ. ಮನೆಯಲ್ಲಿ ಕೂತು ಚನ್ನವೀರನ ಮಾತಾಡುವವಳು ಮತ್ತೆ ಮಂಜಿನೊಳಗೆ ಹೋಗುತ್ತಾಳೆ, ಅವನನ್ನೂ ಜೊತೆಗೆ ಕರೆದುಕೊಂಡು.

ಯಂತ್ರದ ದೋಷವೂ ಇರಬಹುದು, ಸೋಮವಾರ ಮತ್ತೊಮ್ಮೆ ಪರೀಕ್ಷಿಸಿ ಹೇಳಿದರಾಯಿತು ಎಂದುಕೊಂಡಳು. ಅದು ಯಂತ್ರದ ದೋಷವಲ್ಲ ಎಂಬುದು ಹಾಗೆ ಅಂದುಕೊಳ್ಳುವಾಗಲೇ ಅವಳಿಗೆ ತಿಳಿದಿತ್ತು. ಪರದೆ ಆರಿಸಿ, ಚೀಲ ತೆಗೆದುಕೊಂಡು ಮನೆಗೆ ಹೋದಳು.

*

ಭಾನುವಾರ ಚರ್ಚಿನಿಂದ ಬಂದವಳು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. ನೀಲಗಂಗವ್ವ ಎರಡು ದಿನದಿಂದ ಗಮನಿಸುತ್ತಿದ್ದಳು. ತನ್ನ ತಟ್ಟೆ ಬದಿಗೆ ಸರಿಸಿದಳು.

“ಏನ ಬಚ್ಚಿಟ್ಟೀದಿ?”

“ಏನಿಲ್ರಿ ಅತ್ತಿ.”

“ಮೂವತ್ತನಾಕ ವರ್ಷ ವಾರ್ಡಿನಾಗ ದುಡದೀನಿ. ಕೆಲಸದಾಗ ತಪ್ಪು ಮಾಡಿ ಹೇಳದs ಬಂದ ಹುಡುಗ್ಯಾರು ಹಿಂಗs ಅನ್ನಾ ಕಲಸ್ತಿದ್ರು. ಹೇಳು.”

ದೀನಮಣಿ ಹೇಳಿದಳು. ಕಪ್ಪು ಜಾಗ, ಶುಕ್ರವಾರ, ಇಪ್ಪತ್ತು ಹೆಜ್ಜೆ ದೂರದ ಕೋಣೆ. ಯಾಕೆ ಹೇಳಲಿಲ್ಲವೆಂಬುದನ್ನೂ ಹೇಳಿದಳು. “ನಿಲ್ಲಿಸಿದ್ರ ನೀವು ಮತ್ತ ಮೊದಲಿನಂಗ ಆಗ್ತೀರಿ ಅತ್ತಿ” ಎಂದಳು.

ನೀಲಗಂಗವ್ವ ಮಾತು ಶುರುಮಾಡಿದಾಗ ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ.

“ಅಣ್ಣಿಗೇರಿ ಕಡೆ ಒಂದ ಆಸ್ಪತ್ರ್ಯಾಗಿದ್ದೆ. ಕತ್ತರಿ, ಚಿಮಟಾ ಬೇಯಿಸೂ ಯಂತ್ರ ಸರಿಯಾಗಿ ಕಾಯ್ತಿರ್ಲಿಲ್ಲ. ನನ್ನ ಕೈಗೆ ಗೊತ್ತಾಗಿತ್ತು. ದೊಡ್ಡ ಡಾಕ್ಟ್ರು ಬಾಳ ಸಿಟ್ಟಿನವ್ರು. ನಾಳೆ ಹೇಳಿದ್ರಾತು ಅಂತ ಬಿಟ್ಟೆ. ಅವತ್ತು ಒಂದ ಹೆರಿಗಿ ಆತು. ಫಕ್ಕೀರವ್ವ ಅಂತ, ಹತ್ತೊಂಬತ್ತು ವರ್ಷ. ನಂಜು ಏರಿ ಐದನೇ ದಿನಕ್ಕ ಹೋದ್ಲು. ಆ ನಂಜು ಆ ಯಂತ್ರದಿಂದs ಬಂತೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಯಾರೂ ನನ್ನ ಕೇಳಲೂ ಇಲ್ಲ.” ಅವಳು ನೀರು ಕುಡಿದಳು. “ರೋಗ ಬಂದು ಅಕೀ ಹೆಸರನ್ನೂ ಅಳಿಸಿತ್ತು. ಈ ಔಷಧ ಮಗನ್ನ ತಂದು ಕೊಟ್ಟಂಗ ಅಕಿನ್ನೂ ತಂದು ಕೊಟ್ಟೈತಿ. ನಾ ಯಾಕ ಹೇಳಾಕತ್ತೀನಿ, ತಿಳೀತಿಲ್ಲೋ?”

“ತಿಳೀತು.”

“ಹಂಗಾದ್ರ ಫೋನ್ ಹಚ್ಚು. ಸೋಮವಾರ ಅಲ್ಲ, ಈಗ. ನನ್ನ ಮುಂದs.”

“ಅತ್ತಿ, ನಿಮಗ...”

“ನನಗೇನಾಗ್ತೈತಿ ನನಗ ಗೊತ್ತೈತಿ. ನಾ ಇನ್ನೂ ಶಾಣ್ಯಾಕಿ ಇರೂವಾಗs ಹಚ್ಚು.”

ದೀನಮಣಿ ಎಂಜಲು ಕೈ ತೊಳೆಯದೆಯೇ ಫೋನು ಮಾಡಿದಳು.

*

ಕಟ್ಟಿಯವರು ಆ ಮಧ್ಯಾಹ್ನವೇ ಔಷಧ ನಿಲ್ಲಿಸಲು ನಲವತ್ತು ಮನೆಗಳಿಗೂ ಹೇಳಿಕಳಿಸಿದರು. ಹದಿನೇಳನೇ ನಂಬರಿನವರು ಗೈಬುಸಾಬ ನದಾಫ, ಕೆಲಗೇರಿಯ ನಿವೃತ್ತ ಅಂಚೆಯವರು. ಅವರಿಗೆ ಶನಿವಾರ ಸಂಜೆಯಿಂದಲೇ ಜ್ವರ. ಮಗಳು ಜೈತುನಬಿ ಸಾದಾ ಜ್ವರವೆಂದು ಮಾತ್ರೆ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತಿದ್ದಳು. ಆಂಬುಲೆನ್ಸ್ ಹೋದಾಗ ಮುದುಕ ಎಚ್ಚರ ತಪ್ಪುತ್ತಿದ್ದರು.

ಸಣ್ಣವರಿದ್ದಾಗ ಚಿಕನ್ ಪಾಕ್ಸ್ ಬಂದುಹೋದ ಎಲ್ಲರ ಮೈಯಲ್ಲೂ ಅದರ ವೈರಸ್ಸು ನರಗಳ ಬುಡದಲ್ಲಿ ಅಡಗಿ ಕೂತಿರುತ್ತದೆ. ಮುಪ್ಪಿನಲ್ಲಿ ಕೆಲವರಿಗೆ ಸರ್ಪಸುತ್ತಾಗಿ ಹೊರಬೀಳುವುದು ಅದೇ. ಗೈಬುಸಾಬರಲ್ಲಿ ಅದು ಚರ್ಮಕ್ಕೆ ಬರದೆ, ಮುಖದ ನರ ಹಿಡಿದು ಮೆದುಳಿನೊಳಗೆ ನಡೆದಿತ್ತು. ತಡೆಯಬೇಕಾಗಿದ್ದ ಕೋಶಗಳು ಅಲ್ಲಿ ಹಸಿದು ಸತ್ತಿದ್ದವು.

“ನಾವು ಕಾವಲಿನವ್ರ ಕೈ ಹಿಡೀಲಿಲ್ಲ. ತಟ್ಟೀನs ಕಸಗೊಂಡ್ವಿ” ಎಂದು ಕಟ್ಟಿಯವರು ಹೇಳಿದರು. ಆ ಒಂದು ದಿನದಲ್ಲಿ ಅವರು ಹತ್ತು ವರ್ಷ ಮುದುಕರಾಗಿದ್ದರು. ದೀನಮಣಿ ಶುಕ್ರವಾರದ ವಿಷಯ ಹೇಳಿದಾಗ “ಬರದು ಕೊಡ್ರಿ” ಎಂದರು. ಅವಳು ಬರೆದುಕೊಟ್ಟಳು. ವಿಚಾರಣೆ ನಡೆಯಿತು. ಎರಡು ದಿನ ಮೊದಲು ಔಷಧ ನಿಲ್ಲಿಸಿದ್ದರೂ ಅದರ ಬಲ ಕೂಡಲೇ ಇಳಿಯುತ್ತಿರಲಿಲ್ಲ ಎಂದು ಸಮಿತಿ ಬರೆಯಿತು. ವೈರಸ್ಸಿನ ಮದ್ದನ್ನು ಎರಡು ದಿನ ಮೊದಲು ಶುರುಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ಹೇಳಲು ಸಾಧ್ಯವಿಲ್ಲ ಎಂದೂ ಬರೆಯಿತು. ದೀನಮಣಿಗೆ ಎಚ್ಚರಿಕೆಯ ಪತ್ರ ಬಂತು. ಗೈಬುಸಾಬರು ಒಂಬತ್ತನೇ ದಿನ ತೀರಿಕೊಂಡರು.

ಅಷ್ಟರಲ್ಲಿ ಉಳಿದವರನ್ನೂ ತಪಾಸಣೆಗೆ ಕರೆಸಿದ್ದರು. ನೀಲಗಂಗವ್ವನೂ ಬಂದಿದ್ದಳು. ವರಾಂಡದ ಬೆಂಚಿನಲ್ಲಿ ಅವಳು ಜೈತುನಬಿಯ ಪಕ್ಕದಲ್ಲಿ ಕೂತಿರುವುದನ್ನು ದೀನಮಣಿ ಕಿಟಕಿಯ ಗಾಜಿನ ಈಚೆಯಿಂದ ನೋಡಿದಳು. ಜೈತುನಬಿ ಹೇಳುತ್ತಿದ್ದ ಮಾತು ಬಾಗಿಲ ಸಂದಿಯಿಂದ ಕೇಳಿಸಿತು. “ಆರು ವಾರ ಅಪ್ಪಾ ನನ್ನ ಹೆಸರ ಹಿಡದು ಕರದ್ರು. ಅದಕ್ಕ ಮೊದಲ ನಾಕ ವರ್ಷ ನಾ ಯಾರಂತs ಗೊತ್ತಿರ್ಲಿಲ್ಲ.” ದೀನಮಣಿ ಹೊರಗೆ ಹೋಗಲಿಲ್ಲ. ಹೋಗಿ ಆಕೆಯ ಮುಂದೆ ನಿಂತು ಹೇಳಬೇಕೆಂದು ದಿನಾ ಅಂದುಕೊಂಡಳು. ಹೋಗಲಿಲ್ಲ.

*

ನೀಲಗಂಗವ್ವನಿಗೆ ಉಳಿದದ್ದು ಆರೇಳು ವಾರ. ಡ್ಯೂಟಿ ಮುಗಿಯುವ ಮುಂಚೆ ವಾರ್ಡು ಒಪ್ಪಿಸುವ ನರ್ಸಿನಂತೆ ಅವಳು ಒಂದೊಂದೇ ಕೆಲಸ ಮುಗಿಸಿದಳು. ತಾನು ಸತ್ತಮೇಲೆ ಮೆದುಳನ್ನು ಕೇಂದ್ರಕ್ಕೆ ಕೊಡಬೇಕೆಂದು ಸಹಿ ಹಾಕಿದಳು. ತನ್ನ ತಟ್ಟೆ, ಲೋಟವನ್ನು ಅಡುಗೆಮನೆಯ ಪಾತ್ರೆಬುಟ್ಟಿಗೆ ಉಳಿದವುಗಳ ಜೊತೆ ಹಾಕಿದಳು. ಒಂದು ಸಂಜೆ ಸೊಸೆಯನ್ನು ಕರೆದು ಕೂರಿಸಿಕೊಂಡಳು.

“ಇನ್ನ ಸ್ವಲ್ಪ ದಿನಕ್ಕ ನಾ ಮತ್ತ ಚನ್ನನ್ನ ಕೇಳ್ತೀನಿ. ಕೇಳಿದ್ರ ಸತ್ತಾನ ಅನಬ್ಯಾಡ. ಒಂದ ಸಲ ಕೇಳೀನಿ, ಸಾಕು. ದಿನಾ ಮೊದಲನೇ ಸಲ ಕೇಳೂದು ಯಾವ ತಾಯಿಗೂ ಬ್ಯಾಡ.”

“ಹಂಗಂದ್ರ ಮತ್ತ ಸುಳ್ಳ ಹೇಳಲೇನ್ರಿ? ಅವತ್ತು ಅದಕ್ಕs ಸಿಟ್ಟಾಗಿದ್ರಿ.”

“ಅವತ್ತು ನನ್ನ ಕೇಳಿರ್ಲಿಲ್ಲ. ಈಗ ನಾನs ಬರದ ಕೊಡಾಕತ್ತೀನಿ. ಸಂಜಿಗೊಂದ ಡೋಸು ಅಂತ ತಿಳಿ.” ಬೇರೆ ಕಡೆ ನೋಡುತ್ತ ಹೇಳಿದಳು. “ಹನ್ನೊಂದ ವರ್ಷ ಅವನ ಮಾರಿ ನೋಡಲಿಲ್ಲ ನಾ. ನಿನ್ನ ಕಾಲಿಗೆ ಬೀಳೂದಿಲ್ಲ, ನನಗದು ಬರೂದಿಲ್ಲ. ಆದ್ರ ನನ್ನ ತಪ್ಪದು.”

ಮಂಜು ಒಮ್ಮೆಲೇ ಬರಲಿಲ್ಲ. ಮೊದಲು ದಿನಗಳ ಹೆಸರು ಹೋದವು, ಆಮೇಲೆ ಒಲೆ ಹಚ್ಚುವುದು, ಆಮೇಲೆ ಚನ್ನವೀರ ಸತ್ತದ್ದು. ಈ ಸಲ ಅವಳು ಸೊಸೆಯನ್ನು ಅಕ್ಕಾ ಎನ್ನಲಿಲ್ಲ. “ಸಿಸ್ಟರ್” ಎಂದಳು. ಆರನೇ ಬೆಡ್ಡಿನಾಕಿಗೆ ನೀರು ಕುಡಿಸಲು, ಮೂಲೆಯ ಕೂಸಿನ ತೂಕ ನೋಡಲು ಹೇಳುತ್ತಿದ್ದಳು. ದೀನಮಣಿ “ಹೂಂ ಸಿಸ್ಟರ್, ನೋಡೀನಿ” ಎನ್ನುತ್ತಿದ್ದಳು. ಒಂದೂವರೆ ವರ್ಷದ ಮೇಲೆ, ಒಂದು ಬೆಳಗ್ಗೆ ಗಂಜಿ ಕುಡಿದು ಮಲಗಿದವಳು ಏಳಲಿಲ್ಲ.

ಅವಳ ಮೆದುಳಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಕಟ್ಟಿಯವರಿಗೆ ಒಂದು ವಿಷಯ ತಿಳಿಯಿತು. ಕಾವಲು ಕೋಶಗಳೆಲ್ಲ ಹಸಿವಿಗೆ ಸತ್ತಿರಲಿಲ್ಲ. ನರಗಳು ಒಳಬರುವ ಬಾಗಿಲುಗಳಲ್ಲಿ ನಿಂತವು ಮಾತ್ರ ಸತ್ತಿದ್ದವು. ಅವು ಮುಂಚಿನಿಂದಲೂ ನಿಜವಾದ ಶತ್ರುವಿನ ಮೇಲೆ ಕಣ್ಣಿಟ್ಟು ದುಡಿಯುತ್ತಿದ್ದವು. ಅವುಗಳ ಪಾಲು ಬಿಟ್ಟು ಉಳಿದವುಗಳ ಪಾಲನ್ನಷ್ಟೇ ಕಡಿಮೆ ಮಾಡುವ ಹೊಸ ಔಷಧಕ್ಕೆ ಮತ್ತೊಂದು ವರ್ಷ ಹಿಡಿಯಿತು.

*

ಹೊಸ ಪ್ರಯೋಗದ ಮೇಲುಸ್ತುವಾರಿ ಸಮಿತಿಯಲ್ಲಿ ರೋಗಿಗಳ ಮನೆಯವರಿಗೂ ಒಂದು ಸ್ಥಾನವಿರಬೇಕೆಂದು ದೀನಮಣಿಯೇ ಹಟ ಹಿಡಿದಿದ್ದಳು. ಆ ಸ್ಥಾನಕ್ಕೆ ಜೈತುನಬಿ ಬಂದಳು. ಮೊದಲ ಸಭೆಗೆ ಅರ್ಧ ಗಂಟೆ ಮುಂಚೆ, ಬೇರಾರೂ ಇಲ್ಲದ ಕೋಣೆಯಲ್ಲಿ, ದೀನಮಣಿ ಆಕೆಯ ಎದುರು ಕೂತಳು.

“ನಿಮ್ಮ ಅಪ್ಪಾರ ಸ್ಕ್ಯಾನ್ ಶುಕ್ರವಾರನs ನಾ ನೋಡಿದ್ದೆ. ಭಾನುವಾರತನಾ ಯಾರಿಗೂ ಹೇಳಲಿಲ್ಲ. ಹೇಳಿದ್ರ ನಮ್ಮ ಅತ್ತಿಗೆ ಔಷಧ ನಿಲ್ತಿತ್ತು, ಅದಕ್ಕ.”

ಜೈತುನಬಿ ಅಲುಗಲಿಲ್ಲ. “ನನಗ ಗೊತ್ತೈತ್ರಿ” ಎಂದಳು.

“ಹೆಂಗ?”

“ನಿಮ್ಮ ಅತ್ತಿ ಬಂದಿದ್ರು. ಅಪ್ಪಾ ತೀರಿಕೊಂಡ ಎರಡ ವಾರಕ್ಕ, ಹಗಲಿನ್ಯಾಗ, ರಿಕ್ಷಾ ಮಾಡಿಕೊಂಡು ಒಬ್ರs. ನಮ್ಮ ಪಡಸಾಲ್ಯಾಗ ಕೂತು ಎಲ್ಲಾ ಹೇಳಿದ್ರು. ‘ನನ್ನ ಸಲುವಾಗಿ ಅಕಿ ಬಾಯಿ ಮುಚಿಗೊಂಡ್ಲು. ಬೈಯೂದಿದ್ರ ನನ್ನ ಬೈಯಿ, ಈಗs ಬೈಯಿ. ಇನ್ನೊಂದ ತಿಂಗಳಿಗೆ ನಾ ಎಲ್ಲಾ ಮರೀತೀನಿ, ಆಮ್ಯಾಲ ಬೈದ್ರ ಉಪಯೋಗಿಲ್ಲ’ ಅಂದ್ರು.”

ದೀನಮಣಿ ಕೇಳಿದಳು. “ನೀವು ಏನಂದ್ರಿ?”

“ಬೈದೆ. ಬಾಯಿಗೆ ಬಂದಂಗ ಬೈದೆ. ಎಲ್ಲಾ ಕೇಳಿದ್ರು. ಚಾ ಕುಡದು ಹೋದ್ರು.” ಜೈತುನಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿಮ್ಮನ್ನ ಬೈದಿರ್ಲಿಲ್ಲ. ನೀವs ಬಂದು ಹೇಳ್ತೀರೇನೋ ಅಂತ ಎರಡೂವರಿ ವರ್ಷ ಆತು ಕಾಯಾಕತ್ತು.”

ಜೈತುನಬಿ ಮೇಜಿನ ಮೇಲಿದ್ದ ನಿಯಮಗಳ ಕಾಗದವನ್ನು ಹತ್ತಿರಕ್ಕೆಳೆದುಕೊಂಡು, ಬೆರಳಿಟ್ಟು ನಿಧಾನ ಓದಿದಳು. ಒಂದು ಕಡೆ ಬೆರಳು ನಿಂತಿತು. ಸ್ಕ್ಯಾನಿನಲ್ಲಿ ಅಪಾಯದ ಲಕ್ಷಣ ಕಂಡರೆ ನಲವತ್ತೆಂಟು ಗಂಟೆಗಳೊಳಗಾಗಿ ರೋಗಿಯ ಕುಟುಂಬಕ್ಕೆ ತಿಳಿಸತಕ್ಕದ್ದು ಎಂದು ಅಲ್ಲಿ ಅಚ್ಚಾಗಿತ್ತು.

“ಇದನ್ನ ಹೊಡದ ಹಾಕ್ರಿ” ಎಂದಳು ಜೈತುನಬಿ. “ಅದs ದಿನ ಅಂತ ಬರೀರಿ. ನಿಮ್ಮ ಕೈಲೆ ಬರೀರಿ.”

ದೀನಮಣಿ ಪೆನ್ನು ತೆಗೆದು, ಅಚ್ಚಾದ ಸಾಲಿನ ಮೇಲೆ ಗೆರೆ ಎಳೆದು, ಬರೆದಳು.